ಹಾರ್ಮೋನ್ ರಿಪೋರ್ಟಿಗೂ ಹೊತ್ತುಗೊತ್ತು ಉಂಟು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಮಧುಮೇಹ, ಥೈರಾಯ್ಡ್, ಪಿಸಿಓಎಸ್ (ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ಮುಂತಾದ ಹಾರ್ಮೋನ್ ಸಂಬಂಧಿ ತೊಂದರೆಗಳ ಕುರಿತು ಆಗಾಗ ಲೇಖನಗಳು ಬರುತ್ತಿರುವುದು ಸಂತೋಷದ ಸಂಗತಿ. ಆ ಲೇಖನಗಳಲ್ಲಿ ಲಕ್ಷಣಗಳ ವಿವರ ಇರುತ್ತದೆ. ಇಷ್ಟಕ್ಕಿಂತ ಹೆಚ್ಚಿದ್ದರೆ ಕಾಯಿಲೆ, ಇಷ್ಟರೊಳಗಿದ್ದರೆ ಚಿಂತೆಯಿಲ್ಲ ಎಂಬ ಅಂಕಿಗಳೂ ಇರುತ್ತವೆ. ಆದರೆ ಆ ಅಂಕಿಗಳು ಯಾವ ಹೊತ್ತಿನಲ್ಲಿ, ದೇಹದ ಯಾವ ಸ್ಥಿತಿಯಲ್ಲಿ, ಯಾವ ಔಷಧ ಸೇವಿಸುತ್ತಿರುವಾಗ ತೆಗೆದ ರಕ್ತಕ್ಕೆ ಹೊಂದುತ್ತವೆ ಎಂಬ ಮಾತು ಮಾತ್ರ ಹೆಚ್ಚಿನವುಗಳಲ್ಲಿ ಬಿಟ್ಟುಹೋಗಿರುತ್ತದೆ. ನಾನು ವೈದ್ಯೆಯಲ್ಲ; ಜೀವರಸಾಯನ ಪ್ರಯೋಗಾಲಯದಲ್ಲಿ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾದವಳು. ರೋಗವನ್ನು ನಿರ್ಧರಿಸುವ ಅಧಿಕಾರ ನನಗಿಲ್ಲವಾದರೂ, ಆ ನಿರ್ಧಾರಕ್ಕೆ ಆಧಾರವಾಗುವ ಅಂಕಿ ಹೇಗೆ ಹುಟ್ಟುತ್ತದೆ, ಎಲ್ಲೆಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಹತ್ತಿರದಿಂದ ಬಲ್ಲೆ. ಹಾರ್ಮೋನಿನ ವಿಷಯದಲ್ಲಿ ಸಂದರ್ಭ ತಿಳಿಯದ ಅಂಕಿಯನ್ನು ನಂಬಿ ಮಾತ್ರೆ ಶುರು ಮಾಡುವುದೂ ಸರಿಯಲ್ಲ, ನಿಲ್ಲಿಸುವುದೂ ಸರಿಯಲ್ಲ ಎಂಬುದಷ್ಟೇ ಈ ಪತ್ರದ ವಾದ.

ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಮೊದಲು ಹೋಗುವುದು ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಯ ಕಡೆಗೆ. ಆ ದಪ್ಪಕ್ಷರ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಹೇಳಬೇಕು. ಆರೋಗ್ಯವಂತರೆನಿಸಿದ ಹಲವು ಮಂದಿಯ ರಕ್ತವನ್ನು ಪರೀಕ್ಷಿಸಿ, ಬಂದ ಅಂಕಿಗಳಲ್ಲಿ ನಡುವಿನ ಶೇ 95ರಷ್ಟನ್ನು ಒಳಗೊಳ್ಳುವ ವ್ಯಾಪ್ತಿಯನ್ನು ಸಾಮಾನ್ಯ ಮಿತಿ ಎಂದು ಅಚ್ಚು ಹಾಕುವುದು ಪ್ರಯೋಗಾಲಯಗಳ ರೂಢಿ. ಎಂದರೆ, ಯಾವ ಕಾಯಿಲೆಯೂ ಇಲ್ಲದ ನೂರು ಜನರಲ್ಲಿ ಸುಮಾರು ಐವರ ಅಂಕಿ ಆ ಮಿತಿಯ ಹೊರಗೇ ಬೀಳುತ್ತದೆ. ಲೆಕ್ಕ ಹಾಕುವ ಕ್ರಮವೇ ಹಾಗಿದೆ. ಒಬ್ಬ ಆರೋಗ್ಯವಂತರು ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿಕೊಂಡರೆ, ಅವುಗಳಲ್ಲಿ ಒಂದಾದರೂ ಮಿತಿ ಮೀರಿ ಕಾಣುವ ಸಂಭವ ಸುಮಾರು ಶೇ 64. ಯಾವ ತೊಂದರೆಯೂ ಇಲ್ಲದೆ, ನೋಡಿಬಿಡೋಣ ಎಂದು ಇಡೀ ಹಾರ್ಮೋನ್ ಪ್ಯಾಕೇಜನ್ನೇ ಮಾಡಿಸಿಕೊಂಡು ಬಂದವರು ಒಂದಲ್ಲ ಒಂದು ದಪ್ಪಕ್ಷರವನ್ನು ಮನೆಗೆ ಒಯ್ಯುವುದು ಇದೇ ಕಾರಣಕ್ಕೆ.

ಸಕ್ಕರೆ ಪ್ರಮಾಣದ ಮಿತಿಗಳು ಈ ಜಾತಿಗೆ ಸೇರಿದವಲ್ಲ. ಅವನ್ನು ನಿಗದಿ ಮಾಡಿದ್ದು, ಯಾವ ಮಟ್ಟವನ್ನು ದಾಟಿದ ಮೇಲೆ ಕಣ್ಣಿನ ಅಕ್ಷಿಪಟದ ಸೂಕ್ಷ್ಮ ರಕ್ತನಾಳಗಳಿಗೆ ಹಾನಿಯಾಗುವುದು ಹೆಚ್ಚುತ್ತದೆ ಎಂಬುದನ್ನು ನೋಡಿ. ಖಾಲಿ ಹೊಟ್ಟೆಯ ಗ್ಲೂಕೋಸ್ ಡೆಸಿಲೀಟರಿಗೆ 140 ಮಿಲಿಗ್ರಾಂ ಇದ್ದರೆ ಮಧುಮೇಹ ಎಂದಿದ್ದ ಮಿತಿಯನ್ನು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 1997ರಲ್ಲಿ 126ಕ್ಕೆ ಇಳಿಸಿತು. ಇಂದು ಎಲ್ಲೆಡೆ ಬಳಕೆಯಲ್ಲಿರುವುದು ಇದೇ. ಇದರ ಜೊತೆಗೆ 75 ಗ್ರಾಂ ಗ್ಲೂಕೋಸ್ ಕುಡಿದ 2 ಗಂಟೆಯ ನಂತರ 200 ಅಥವಾ ಹೆಚ್ಚು, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರುವ ಪರೀಕ್ಷೆ) ಶೇ 6.5 ಅಥವಾ ಹೆಚ್ಚು, ಇಲ್ಲವೇ ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ತೂಕ ಇಳಿಕೆಯಂಥ ಲಕ್ಷಣಗಳಿದ್ದು ಯಾವ ಹೊತ್ತಿನಲ್ಲಾದರೂ 200 ದಾಟಿದ್ದರೆ ಮಧುಮೇಹ ಎಂದು ತೀರ್ಮಾನಿಸುತ್ತಾರೆ. ಲಕ್ಷಣಗಳಿಲ್ಲದವರಲ್ಲಿ ಒಂದೇ ಒಂದು ಅಂಕಿಯ ಮೇಲೆ ತೀರ್ಪು ಕೊಡಬಾರದು, ಇನ್ನೊಂದು ಪರೀಕ್ಷೆಯಿಂದ ಅದು ದೃಢಪಡಬೇಕು ಎಂಬ ನಿಯಮವೂ ಈ ಮಾನದಂಡದ ಭಾಗವೇ. ಪತ್ರಿಕೆಯ ಚೌಕಟ್ಟುಗಳಲ್ಲಿ 126 ಅಚ್ಚಾಗುತ್ತದೆ. ಈ ನಿಯಮಕ್ಕೆ ಜಾಗ ಸಿಗುವುದಿಲ್ಲ.

ಖಾಲಿ ಹೊಟ್ಟೆ ಎಂದರೆ ಕನಿಷ್ಠ 8 ಗಂಟೆ ನೀರನ್ನು ಬಿಟ್ಟು ಬೇರೇನನ್ನೂ ಸೇವಿಸದೆ ಇರುವುದು. ಇದು ಬಹುತೇಕರಿಗೆ ಗೊತ್ತು. ರಕ್ತ ತೆಗೆದ ಮೇಲೆ ಕೊಳವೆಯೊಳಗೆ ಏನಾಗುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ರಕ್ತಕಣಗಳು ದೇಹದ ಹೊರಗೂ ಜೀವಂತವಾಗಿದ್ದು ಗ್ಲೂಕೋಸನ್ನು ಬಳಸುತ್ತಲೇ ಇರುತ್ತವೆ. ಪ್ಲಾಸ್ಮಾವನ್ನು ಬೇರ್ಪಡಿಸದೆ ಹಾಗೆಯೇ ಇಟ್ಟರೆ ಗಂಟೆಗೆ ಶೇ 5ರಿಂದ 7ರಷ್ಟು ಸಕ್ಕರೆ ಕರಗಿಹೋಗುತ್ತದೆ. ಅದಕ್ಕಾಗಿಯೇ ಸಕ್ಕರೆ ಪರೀಕ್ಷೆಗೆ ಫ್ಲೋರೈಡ್ ಇರುವ, ಬೂದು ಮುಚ್ಚಳದ ಕೊಳವೆಯನ್ನು ಬಳಸುತ್ತಾರೆ. ಆ ಫ್ಲೋರೈಡ್ ಕೂಡ ಮೊದಲ ಒಂದೆರಡು ಗಂಟೆ ಪೂರ್ತಿ ಕೆಲಸ ಮಾಡುವುದಿಲ್ಲ. ಮನೆಯಿಂದ ರಕ್ತ ಸಂಗ್ರಹಿಸಿ ಬಿಸಿಲಿನಲ್ಲಿ ಸುತ್ತಾಡಿಸಿ ತಂದ ಮಾದರಿಯಲ್ಲಿ 118 ಬಂದರೆ, ದೇಹದಲ್ಲಿ ಅದು ನಿಜಕ್ಕೂ 126ನ್ನು ದಾಟಿದ್ದಿರಬಹುದು. ಮನೆಬಾಗಿಲಿಗೆ ಬಂದು ರಕ್ತ ಒಯ್ಯುವ ವ್ಯವಸ್ಥೆ ವಯಸ್ಸಾದವರಿಗೆ ದೊಡ್ಡ ಅನುಕೂಲ, ಅದನ್ನು ಅಲ್ಲಗಳೆಯುವುದಿಲ್ಲ. ಮಾದರಿ ಎಷ್ಟು ಹೊತ್ತಿಗೆ ಪ್ರಯೋಗಾಲಯವನ್ನು ತಲುಪುತ್ತದೆ ಎಂದು ಕೇಳುವ ಹಕ್ಕು ಮಾತ್ರ ರಕ್ತ ಕೊಟ್ಟವರಿಗೆ ಇದೆ.

ಉಪವಾಸದ ತಾಪತ್ರಯವಿಲ್ಲ ಎಂಬ ಕಾರಣಕ್ಕೆ ಎಚ್‌ಬಿಎ1ಸಿ ಪರೀಕ್ಷೆ ಜನಪ್ರಿಯವಾಗಿದೆ. ಹಿಮೋಗ್ಲೋಬಿನ್ನಿಗೆ ಎಷ್ಟು ಗ್ಲೂಕೋಸ್ ಅಂಟಿಕೊಂಡಿದೆ ಎಂದು ಅಳೆಯುವ ಈ ಪರೀಕ್ಷೆ, ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ ಎಂಬ ನಂಬಿಕೆಯ ಮೇಲೆ ನಿಂತಿದೆ. ಆದ್ದರಿಂದಲೇ ಅದು ಎರಡು ಮೂರು ತಿಂಗಳ ಸರಾಸರಿ ಎನ್ನುವುದು. ಆ ಸರಾಸರಿಯಲ್ಲಿಯೂ ಸುಮಾರು ಅರ್ಧ ಪಾಲು ಕಳೆದ ಒಂದು ತಿಂಗಳಿನದು. ಶೇ 7 ಎಂದರೆ ಸರಾಸರಿ ಗ್ಲೂಕೋಸ್ ಸುಮಾರು 154 ಎಂದು ಲೆಕ್ಕ. ಆದರೆ ಕಣದ ಆಯುಸ್ಸೇ ಬದಲಾಗಿದ್ದವರಲ್ಲಿ ಈ ಲೆಕ್ಕ ಕೈಕೊಡುತ್ತದೆ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇರುವವರಲ್ಲಿ ಹಳೆಯ ಕಣಗಳ ಪಾಲು ಹೆಚ್ಚಿರುವುದರಿಂದ ಸಕ್ಕರೆ ಏರದಿದ್ದರೂ ಎಚ್‌ಬಿಎ1ಸಿ ಏರಿ ತೋರಬಹುದು. ಕಣಗಳು ಬೇಗ ಒಡೆಯುವ ಕಾಯಿಲೆ ಇದ್ದವರಲ್ಲಿ, ಇತ್ತೀಚೆಗೆ ರಕ್ತ ಹೋಗಿದ್ದವರಲ್ಲಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಅದು ಇರುವುದಕ್ಕಿಂತ ಕಡಿಮೆ ತೋರಬಹುದು. ಸಿಕಲ್ ಸೆಲ್, ಥಲಸ್ಸೀಮಿಯಾದಂಥ ವಂಶವಾಹಿ ವ್ಯತ್ಯಾಸಗಳಿದ್ದವರ ಮಟ್ಟಿಗೂ ಈ ಅಂಕಿಯನ್ನು ಎಚ್ಚರದಿಂದ ಓದಬೇಕು. 6.1 ಎಂಬ ಅಂಕಿ ನೋಡಿ ಮಧುಮೇಹದ ಹೊಸ್ತಿಲಿಗೆ ಬಂದೆನೆಂದು ನಿದ್ದೆಗೆಟ್ಟವರು ತಮ್ಮ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಅದೇ ಕಾಗದದಲ್ಲಿ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ರಕ್ತಹೀನತೆ ಇದ್ದಲ್ಲಿ, ಖಾಲಿ ಹೊಟ್ಟೆಯ ಮತ್ತು ಗ್ಲೂಕೋಸ್ ಕುಡಿದ ನಂತರದ ಪರೀಕ್ಷೆಗಳೇ ಹೆಚ್ಚು ನಂಬಿಕಸ್ಥ.

ದೇಹದ ಸ್ಥಿತಿ ಬದಲಾದರೆ ಮಿತಿಯೇ ಬದಲಾಗುತ್ತದೆ ಎಂಬುದಕ್ಕೆ ಬಸಿರಿಗಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಖಾಲಿ ಹೊಟ್ಟೆಯಲ್ಲಿ 95 ಎಂಬುದು ಬೇರೆಯವರಿಗೆ ನಿರಾಳದ ಅಂಕಿ. ಗರ್ಭಿಣಿಗಾದರೆ 92 ಮುಟ್ಟಿದರೇ ಗರ್ಭಾವಸ್ಥೆಯ ಮಧುಮೇಹವೆಂದು ಪರಿಗಣಿಸಬೇಕು ಎಂದು 2010ರ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ; ಗ್ಲೂಕೋಸ್ ಕುಡಿದ 1 ಗಂಟೆಗೆ 180, 2 ಗಂಟೆಗೆ 153 ಅದರ ಉಳಿದೆರಡು ಮಿತಿಗಳು. ಸಾಮಾನ್ಯವಾಗಿ 24ರಿಂದ 28ನೇ ವಾರದ ನಡುವೆ ಈ ಪರೀಕ್ಷೆ ನಡೆಯುತ್ತದೆ, ಏಕೆಂದರೆ ಮಾಸು ಬೆಳೆದಂತೆಲ್ಲ ಅದು ಸ್ರವಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತವೆ. ಹೆರಿಗೆಯಾದ ಮೇಲೆ ಸಕ್ಕರೆ ಇಳಿಯುತ್ತದೆ, ಮನೆಯವರ ಗಮನವೆಲ್ಲ ಮಗುವಿನ ಕಡೆಗೆ ತಿರುಗುತ್ತದೆ, ತಾಯಿಯ ಮರುಪರೀಕ್ಷೆ ಮರೆತೇಹೋಗುತ್ತದೆ. ಹೆರಿಗೆಯ ನಂತರದ 4ರಿಂದ 12 ವಾರಗಳಲ್ಲಿ ಒಮ್ಮೆ, ಆಮೇಲೆ ಕಾಲಕಾಲಕ್ಕೆ ಪರೀಕ್ಷೆ ಆಗಲೇಬೇಕು; ಮುಂದೆ ಎರಡನೇ ವಿಧದ ಮಧುಮೇಹ ಬರುವ ಅಪಾಯ ಅವರಲ್ಲಿ ಬೇರೆಯವರಿಗಿಂತ ಬಹಳ ಹೆಚ್ಚು.

ಸ್ಟಿರಾಯ್ಡ್ ಮಾತ್ರೆ ಸೇವಿಸುವವರ ವಿಷಯ ಇನ್ನೂ ಬೇರೆ. ಬೆಳಿಗ್ಗೆ ಒಂದು ಹೊತ್ತು ಪ್ರೆಡ್ನಿಸೊಲೋನ್ ಸೇವಿಸಿದವರ ಸಕ್ಕರೆ ಏರುವುದು ಮುಖ್ಯವಾಗಿ ಮಧ್ಯಾಹ್ನದ ಮೇಲೆ. ಮರುದಿನ ಬೆಳಗಿನ ಖಾಲಿ ಹೊಟ್ಟೆಯ ರಕ್ತದಲ್ಲಿ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಇವರಿಗೆ ಊಟದ ನಂತರದ, ಅದರಲ್ಲೂ ಮಧ್ಯಾಹ್ನದ ನಂತರದ ಪರೀಕ್ಷೆಯೇ ಬೇಕು.

ಮನೆಯಲ್ಲಿ ಬಳಸುವ ಗ್ಲೂಕೋಮೀಟರ್ ಬಗ್ಗೆ ಒಂದು ಮಾತು. ಇವುಗಳ ಅಂತರರಾಷ್ಟ್ರೀಯ ಗುಣಮಟ್ಟ ಹೇಳುವ ಪ್ರಕಾರ, 100ಕ್ಕಿಂತ ಮೇಲಿನ ಅಂಕಿಗಳಲ್ಲಿ ಶೇ 15ರಷ್ಟು ಆಚೀಚೆ ತೋರಿಸಿದರೂ ಯಂತ್ರ ತೇರ್ಗಡೆಯಾದಂತೆಯೇ. ಹಾಗಾಗಿ ನಿನ್ನೆ 140, ಇವತ್ತು 152 ಎಂದು ಗಾಬರಿಗೊಳ್ಳುವುದರಲ್ಲಿ ಅರ್ಥವಿಲ್ಲ. ಬೆರಳಿಗೆ ಹಣ್ಣಿನ ರಸ ಅಂಟಿದ್ದರೆ ಅಂಕಿ ಎಲ್ಲಿಂದೆಲ್ಲಿಗೋ ಹಾರುತ್ತದೆ. ಸೋಪಿನಿಂದ ಕೈತೊಳೆದು ಒರೆಸಿಕೊಂಡು ಚುಚ್ಚಿಕೊಳ್ಳಬೇಕು. ಆದರೆ 70ಕ್ಕಿಂತ ಕೆಳಗಿನ ಅಂಕಿಗೆ, ಬೆವರು, ನಡುಕ, ಗಲಿಬಿಲಿ ಇದ್ದಾಗ, ಈ ಸಂಶಯದ ಸೌಲಭ್ಯ ಕೊಡಬಾರದು. 15 ಗ್ರಾಂನಷ್ಟು ಗ್ಲೂಕೋಸ್ ಅಥವಾ ಸಕ್ಕರೆ ಸೇವಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡುವುದೇ ಕ್ರಮ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಅಂಕಿ ಸರಿಯಾಗಿ ಬಂತೆಂದು ಮಾತ್ರೆ ನಿಲ್ಲಿಸುವವರು ಕೌಂಟರಿನ ಆಚೆ ಬದಿಯಲ್ಲಿ ನನಗೆ ಅತಿ ಹೆಚ್ಚು ಎದುರಾದವರು. ಮಾತ್ರೆ ತೆಗೆದುಕೊಂಡು ಬಂದ ಎಚ್‌ಬಿಎ1ಸಿ 6.4ಕ್ಕೂ ಮಾತ್ರೆಯಿಲ್ಲದೆ ಬಂದ 6.4ಕ್ಕೂ ಅರ್ಥ ಒಂದೇ ಅಲ್ಲ, ಆದರೆ ಯಂತ್ರ ಎರಡನ್ನೂ ಒಂದೇ ರೀತಿ ಅಚ್ಚು ಹಾಕುತ್ತದೆ. ಮಧುಮೇಹ ಹಿಮ್ಮೆಟ್ಟುವುದು ಸುಳ್ಳಲ್ಲ. ರೋಗ ಪತ್ತೆಯಾಗಿ 6 ವರ್ಷ ಮೀರದ ಎರಡನೇ ವಿಧದ ಮಧುಮೇಹಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ಡೈರೆಕ್ಟ್ ಎಂಬ ಅಧ್ಯಯನದಲ್ಲಿ, ಕಟ್ಟುನಿಟ್ಟಾದ ತೂಕ ಇಳಿಕೆಯ ಕಾರ್ಯಕ್ರಮಕ್ಕೆ ಒಳಪಟ್ಟವರ ಪೈಕಿ ಶೇ 46 ಮಂದಿ ಒಂದು ವರ್ಷದ ಹೊತ್ತಿಗೆ ಔಷಧವಿಲ್ಲದೆ ಮಧುಮೇಹದ ಮಿತಿಯಿಂದ ಕೆಳಗಿಳಿದಿದ್ದರು. ಅದನ್ನು ಉಪಶಮನ ಎನ್ನಬೇಕಾದರೆ ಔಷಧ ನಿಂತು ಕನಿಷ್ಠ 3 ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ಕ್ಕಿಂತ ಕಡಿಮೆ ಇರಬೇಕೆಂದು 2021ರಲ್ಲಿ ತಜ್ಞರು ಒಮ್ಮತಕ್ಕೆ ಬಂದಿದ್ದಾರೆ. ವೈದ್ಯರ ಕಣ್ಗಾವಲಿನಲ್ಲಿ ಮಾತ್ರೆ ಇಳಿಸುತ್ತ ಬಂದು, ಮತ್ತೆ ಮತ್ತೆ ಪರೀಕ್ಷಿಸಿ ತಲುಪುವ ಜಾಗ ಅದು. ರಿಪೋರ್ಟ್ ಬಂದ ಸಂಜೆ ಡಬ್ಬಿಯನ್ನು ಎತ್ತಿಡುವುದರಿಂದ ತಲುಪುವಂಥದಲ್ಲ. ಉಪಶಮನವಾದ ಮೇಲೂ ವರ್ಷಕ್ಕೊಮ್ಮೆ ಕಣ್ಣು, ಪಾದ, ಮೂತ್ರದ ಅಲ್ಬುಮಿನ್ ಪರೀಕ್ಷೆಗಳು ನಡೆಯುತ್ತಲೇ ಇರಬೇಕು.

ಇಷ್ಟು ಹೇಳಿದ್ದು ಗ್ಲೂಕೋಸ್ ಬಗ್ಗೆ. ಅದು ಹಾರ್ಮೋನ್ ಅಲ್ಲ, ಇನ್ಸುಲಿನ್ ಎಂಬ ಹಾರ್ಮೋನಿನ ಕೆಲಸದ ಫಲಿತಾಂಶ. ರಕ್ತದಲ್ಲಿ ಧಾರಾಳವಾಗಿರುವ, ಅಳೆಯಲು ಸುಲಭವಾದ ವಸ್ತು. ಹಾರ್ಮೋನುಗಳೇ ಬೇರೆ. ನಿರ್ನಾಳ ಗ್ರಂಥಿಗಳು ನೇರವಾಗಿ ರಕ್ತಕ್ಕೆ ಬಿಡುವ ಇವು ಅತ್ಯಲ್ಪ ಪ್ರಮಾಣದಲ್ಲಿರುತ್ತವೆ. ಸೀಕ್ರಿಟಿನ್ ಎಂಬ ಮೊದಲ ಹಾರ್ಮೋನನ್ನು ಬೇಲಿಸ್ ಮತ್ತು ಸ್ಟಾರ್ಲಿಂಗ್ 1902ರಲ್ಲಿಯೇ ಗುರುತಿಸಿದರೂ, ರಕ್ತದಲ್ಲಿನ ಹಾರ್ಮೋನನ್ನು ನಿಖರವಾಗಿ ಅಳೆಯಲು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ರೋಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ಅವರು ಪ್ರತಿಕಾಯಗಳನ್ನೂ ವಿಕಿರಣವನ್ನೂ ಬಳಸಿ ಇನ್ಸುಲಿನ್ ಅಳೆಯುವ ವಿಧಾನವನ್ನು ರೂಪಿಸಿದರು. ಬರ್ಸನ್ ತೀರಿಕೊಂಡಿದ್ದರಿಂದ 1977ರ ನೊಬೆಲ್ ಪುರಸ್ಕಾರದಲ್ಲಿ ಯಾಲೊ ಒಬ್ಬರ ಹೆಸರು ಸೇರಿತು. ಇಂದಿನ ಯಂತ್ರಗಳು ವಿಕಿರಣದ ಬದಲು ಬೆಳಕನ್ನು ಬಳಸುತ್ತವೆ, ಆದರೆ ತಳಹದಿ ಅದೇ ಪ್ರತಿಕಾಯದ ತತ್ವ. ಆ ತತ್ವದ ಶಕ್ತಿಯೂ ದೌರ್ಬಲ್ಯವೂ ಎರಡೂ ನಮ್ಮ ರಿಪೋರ್ಟುಗಳಲ್ಲಿವೆ.

ದೌರ್ಬಲ್ಯಕ್ಕೆ ಒಂದು ನಿದರ್ಶನ ಬಯೋಟಿನ್. ಕೂದಲು ಉದುರುವುದಕ್ಕೆಂದು ಬಹಳ ಮಂದಿ ಸೇವಿಸುವ ಈ ವಿಟಮಿನ್ನನ್ನೇ ಅನೇಕ ಯಂತ್ರಗಳು ಪರೀಕ್ಷೆಯ ರಾಸಾಯನಿಕದಲ್ಲಿ ಅಂಟಿನ ಹಾಗೆ ಬಳಸುತ್ತವೆ. ರಕ್ತದಲ್ಲಿ ಬಯೋಟಿನ್ ಹೆಚ್ಚಿದ್ದರೆ ಅಂಥ ಯಂತ್ರದಲ್ಲಿ ಟಿಎಸ್ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್) ಸುಳ್ಳಾಗಿ ಕಡಿಮೆಯೂ ಟಿ4 (ಥೈರಾಯ್ಡ್ ಗ್ರಂಥಿಯೇ ಸ್ರವಿಸುವ ಹಾರ್ಮೋನ್) ಸುಳ್ಳಾಗಿ ಹೆಚ್ಚೂ ಕಾಣಬಹುದು. ಕಾಗದದ ಮೇಲೆ ಅದು ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆಯ ಚಿತ್ರವೇ. ಕೂದಲು ಉದುರುತ್ತದೆಂದು ಬಯೋಟಿನ್, ಕೂದಲು ಉದುರುವುದಕ್ಕೆ ಕಾರಣ ತಿಳಿಯಲೆಂದು ಥೈರಾಯ್ಡ್ ಪರೀಕ್ಷೆ, ಆ ಪರೀಕ್ಷೆಯನ್ನು ಕೆಡಿಸುವುದು ಅದೇ ಬಯೋಟಿನ್! ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಿ ರಕ್ತ ಕೊಡಬೇಕು. ರಕ್ತ ತೆಗೆಯುವವರು ಕೇಳದಿದ್ದರೂ ಕೊಡುವವರು ಹೇಳಬೇಕು.

ಥೈರಾಯ್ಡ್ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಗೊಂದಲ ಹೆಚ್ಚಿರುವುದು ಇಲ್ಲಿಯೇ. ಟಿಎಸ್ಎಚ್ ಥೈರಾಯ್ಡ್ ಗ್ರಂಥಿಯಿಂದ ಬರುವುದಿಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿಯಿಂದ ಬರುತ್ತದೆ. ಥೈರಾಯ್ಡ್ ಸೋತಾಗ ಪಿಟ್ಯುಟರಿ ಇನ್ನಷ್ಟು ಟಿಎಸ್ಎಚ್ ಕಳಿಸಿ ಅದನ್ನು ಎಬ್ಬಿಸಲು ನೋಡುತ್ತದೆ. ಆದ್ದರಿಂದ ಥೈರಾಯ್ಡ್ ಕಡಿಮೆಯಾದವರ ಟಿಎಸ್ಎಚ್ ಹೆಚ್ಚಿರುತ್ತದೆ, ಹೆಚ್ಚಾದವರ ಟಿಎಸ್ಎಚ್ ಕಡಿಮೆಯಿರುತ್ತದೆ. ಟಿ4 ತುಸು ಇಳಿದರೂ ಟಿಎಸ್ಎಚ್ ಹಲವು ಪಟ್ಟು ಏರುವುದರಿಂದ ಮೊದಲ ಪರೀಕ್ಷೆಯಾಗಿ ಅದು ಬಹಳ ಸೂಕ್ಷ್ಮ. ಆದರೆ ಪಿಟ್ಯುಟರಿಯೇ ಕೆಟ್ಟಿದ್ದರೆ ಈ ಲೆಕ್ಕಾಚಾರ ನಿಲ್ಲುವುದಿಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದ ಕೆಲವರಲ್ಲಿ ಪಿಟ್ಯುಟರಿಗೆ ರಕ್ತ ಸಾಲದೆ ಅದು ಹಾನಿಗೊಳ್ಳುತ್ತದೆ. ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಮೈಯಲ್ಲಿ ಕಸುವಿರುವುದಿಲ್ಲ. ಶೀಹನ್ ಸಿಂಡ್ರೋಮ್ ಎನ್ನುವ ಈ ಸ್ಥಿತಿಯಲ್ಲಿ ಟಿ4 ಕಡಿಮೆಯಿದ್ದರೂ ಟಿಎಸ್ಎಚ್ ಮಿತಿಯೊಳಗೇ ಇರಬಹುದು. ಬರೀ ಟಿಎಸ್ಎಚ್ ನೋಡಿ ಏನೂ ಇಲ್ಲವೆಂದರೆ ಆ ತಾಯಿ ವರ್ಷಗಟ್ಟಲೆ ಸುಸ್ತಿನಲ್ಲೇ ನವೆಯುತ್ತಾಳೆ. ಕಳೆದ ಹೆರಿಗೆ ಹೇಗಾಯಿತು ಎಂಬ ಒಂದು ಪ್ರಶ್ನೆ ಅಲ್ಲಿ ಯಂತ್ರಕ್ಕಿಂತ ದೊಡ್ಡ ಕೆಲಸ ಮಾಡುತ್ತದೆ.

ಇದರ ಇನ್ನೊಂದು ತುದಿಯಲ್ಲಿ ಅನಗತ್ಯವಾಗಿ ಮಾತ್ರೆ ನುಂಗುವವರಿದ್ದಾರೆ. ಟಿಎಸ್ಎಚ್ ಮೇಲಿನ ಮಿತಿ ಸಾಮಾನ್ಯವಾಗಿ 4ರ ಆಸುಪಾಸು ಅಚ್ಚಾಗಿರುತ್ತದೆ. 5 ಅಥವಾ 6 ಬಂದು, ಟಿ4 ಸರಿಯಾಗಿಯೇ ಇದ್ದರೆ ಅದು ಬಹುಮಟ್ಟಿಗೆ ಕಾದು ನೋಡಬೇಕಾದ ಸ್ಥಿತಿ. ಕೆಲವು ವಾರ ಅಥವಾ ತಿಂಗಳ ನಂತರ ಮತ್ತೆ ಪರೀಕ್ಷಿಸಿದರೆ ಎಷ್ಟೋ ಮಂದಿಯಲ್ಲಿ ತಾನಾಗಿಯೇ ಇಳಿದಿರುತ್ತದೆ. ದೊಡ್ಡ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಅದು ತಾತ್ಕಾಲಿಕವಾಗಿ ಏರುತ್ತದೆ, ಬೆಳಗಿನ ಜಾವದಲ್ಲಿ ಮಧ್ಯಾಹ್ನಕ್ಕಿಂತ ಹೆಚ್ಚಿರುತ್ತದೆ, ವಯಸ್ಸಾದಂತೆ ಮೇಲಿನ ಮಿತಿಯೇ ಮೇಲಕ್ಕೆ ಸರಿಯುತ್ತದೆ. 65 ದಾಟಿದ, ಇಂಥ ಅಲ್ಪ ಏರಿಕೆಯಿದ್ದ 737 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಥೈರಾಯ್ಡ್ ಹಾರ್ಮೋನಿನದೇ ರೂಪವಾದ ಲೆವೊಥೈರಾಕ್ಸಿನ್ ಮಾತ್ರೆಯಿಂದ ಸುಸ್ತಾಗಲಿ ಇತರ ಲಕ್ಷಣಗಳಾಗಲಿ ಹುಸಿಮಾತ್ರೆಗಿಂತ ಹೆಚ್ಚೇನೂ ಸುಧಾರಿಸಲಿಲ್ಲ. ಮಾತ್ರೆ ಹೆಚ್ಚಾದರೆ ಆ ವಯಸ್ಸಿನಲ್ಲಿ ಹೃದಯದ ಬಡಿತದ ಲಯ ತಪ್ಪುವ, ಮೂಳೆ ಸವೆಯುವ ಅಪಾಯವಿದೆ. ಟಿಎಸ್ಎಚ್ 10 ದಾಟಿದವರ, ಗರ್ಭಿಣಿಯರ, ಬಸಿರಿಗೆ ಸಿದ್ಧರಾಗುತ್ತಿರುವವರ ಲೆಕ್ಕ ಬೇರೆ, ಅವರಿಗೆ ಕಾಯಲು ಹೇಳುವುದು ಸರಿಯಲ್ಲ. ಈಗಾಗಲೇ ಮಾತ್ರೆ ಸೇವಿಸುತ್ತಿರುವಾಕೆ ಬಸಿರಾದರೆ ಪ್ರಮಾಣವನ್ನು ಶೇ 25ರಿಂದ 30ರಷ್ಟು ಹೆಚ್ಚಿಸಬೇಕಾಗಿ ಬರುವುದು ಸಾಮಾನ್ಯ, ಆದ್ದರಿಂದ ತಿಳಿದ ಕೂಡಲೇ ವೈದ್ಯರನ್ನು ಕಾಣಬೇಕು.

ಮಾತ್ರೆ ನಿಜಕ್ಕೂ ಬೇಕಾದವರಲ್ಲಿಯೂ ಅಂಕಿ ಹಾದಿ ತಪ್ಪುತ್ತದೆ. ಲೆವೊಥೈರಾಕ್ಸಿನ್ ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ಆಹಾರ ಸೇವಿಸಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ 4 ಗಂಟೆಯ ಅಂತರ ಬೇಕು. ಎಲ್ಲವನ್ನೂ ಒಂದೇ ಗುಟುಕಿಗೆ ನುಂಗಿದವರ ಟಿಎಸ್ಎಚ್ ಏರಿರುವುದನ್ನು ನೋಡಿ ಪ್ರಮಾಣ ಹೆಚ್ಚಿಸಿದರೆ, ಅವರು ಮುಂದೊಮ್ಮೆ ಕ್ಯಾಲ್ಸಿಯಂ ನಿಲ್ಲಿಸಿದಾಗ ಅದೇ ಮಾತ್ರೆ ಅತಿಯಾಗುತ್ತದೆ. ಪ್ರಮಾಣ ಬದಲಿಸಿದ ಮೇಲೆ 6ರಿಂದ 8 ವಾರ ಕಳೆಯುವ ಮುನ್ನ ಪರೀಕ್ಷಿಸುವುದು ದುಡ್ಡು ದಂಡ, ಏಕೆಂದರೆ ದೇಹದಲ್ಲಿ ಈ ಹಾರ್ಮೋನ್ ಅರ್ಧಕ್ಕಿಳಿಯಲು ಒಂದು ವಾರ ಹಿಡಿಯುತ್ತದೆ, ಟಿಎಸ್ಎಚ್ ಹೊಸ ಮಟ್ಟದಲ್ಲಿ ನೆಲೆಗೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಪರೀಕ್ಷೆಗೆ ಮುಂಚಿನ ಒಂದು ವಾರವಷ್ಟೇ ನಿಯಮವಾಗಿ ಮಾತ್ರೆ ಸೇವಿಸಿ ಬರುವವರನ್ನೂ ಟಿಎಸ್ಎಚ್ ಬಿಟ್ಟುಕೊಡುತ್ತದೆ. ಟಿ4 ಸರಿಯಿದ್ದು ಟಿಎಸ್ಎಚ್ ಏರಿಯೇ ಇರುವುದನ್ನು ಕಂಡಾಗ ನಾವು ಮೊದಲು ಊಹಿಸುತ್ತಿದ್ದುದು ಅದನ್ನೇ.

ಹೆಣ್ಣುಮಕ್ಕಳ ಹಾರ್ಮೋನ್ ಪರೀಕ್ಷೆಯಲ್ಲಿ ದಿನವೇ ಮುಖ್ಯ. ಅಂಡಾಶಯವನ್ನು ನಡೆಸುವ ಪಿಟ್ಯುಟರಿ ಹಾರ್ಮೋನುಗಳಾದ ಎಫ್ಎಸ್ಎಚ್, ಎಲ್ಎಚ್ ಪರೀಕ್ಷೆಗೆ ಮುಟ್ಟಿನ 2ರಿಂದ 5ನೇ ದಿನದೊಳಗೆ ರಕ್ತ ಕೊಡಬೇಕು. ಅಂಡ ಬಿಡುಗಡೆಯಾಗಿದೆಯೇ ಎಂದು ತಿಳಿಯುವ ಪ್ರೊಜೆಸ್ಟರೋನ್ ಪರೀಕ್ಷೆ ಮುಂದಿನ ಮುಟ್ಟಿಗೆ ಸುಮಾರು 7 ದಿನ ಮೊದಲು ನಡೆಯಬೇಕು. 21ನೇ ದಿನ ಎಂಬ ಮಾತು 28 ದಿನಗಳ ಚಕ್ರ ಇದ್ದವರಿಗಷ್ಟೇ ಹೊಂದುತ್ತದೆ, 35 ದಿನಗಳ ಚಕ್ರದವರಿಗೆ ಅದು 28ನೇ ದಿನ. ಪಿಸಿಓಎಸ್ ಎಂದು ನಿರ್ಧರಿಸಲು ಅನಿಯಮಿತ ಮುಟ್ಟು, ಗಂಡು ಹಾರ್ಮೋನ್ ಹೆಚ್ಚಿರುವ ಲಕ್ಷಣ ಅಥವಾ ಪರೀಕ್ಷೆಯ ಪುರಾವೆ, ಸ್ಕ್ಯಾನಿನಲ್ಲಿ ಕಾಣುವ ಅಂಡಾಶಯದ ಸ್ವರೂಪ ಈ ಮೂರರಲ್ಲಿ ಎರಡಾದರೂ ಇರಬೇಕು, ಜೊತೆಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ಮುಂತಾದ ಬೇರೆ ಕಾರಣಗಳು ಇಲ್ಲವೆಂದು ಖಾತ್ರಿಯಾಗಬೇಕು. ಬರೀ ಸ್ಕ್ಯಾನ್ ನೋಡಿ ಹದಿಹರೆಯದ ಹುಡುಗಿಗೆ ಈ ಹಣೆಪಟ್ಟಿ ಹಚ್ಚುವುದು ತಪ್ಪು. ಮೈನೆರೆದು 8 ವರ್ಷ ಆಗುವವರೆಗೆ ಈ ನಿರ್ಧಾರಕ್ಕೆ ಸ್ಕ್ಯಾನನ್ನು ಬಳಸಲೇಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳಿದೆ, ಏಕೆಂದರೆ ಆ ವಯಸ್ಸಿನಲ್ಲಿ ಅನೇಕರ ಅಂಡಾಶಯ ಸಹಜವಾಗಿಯೇ ಹಾಗೆ ಕಾಣುತ್ತದೆ. ನಿಜವಾಗಿ ಪಿಸಿಓಎಸ್ ಇರುವವರಿಗೆ ಬೇಕಾದ, ಆದರೆ ಬಹುಮಂದಿ ಮಾಡಿಸದ ಪರೀಕ್ಷೆ ಸಕ್ಕರೆಯದು.

ಪ್ರೊಲ್ಯಾಕ್ಟಿನ್ ಅಂತೂ ಸೂಜಿಯ ಭಯಕ್ಕೂ ಏರುತ್ತದೆ, ನಿದ್ದೆಯಿಂದ ಎದ್ದ ಕೂಡಲೇ ಹೆಚ್ಚಿರುತ್ತದೆ. ವಾಂತಿ ನಿಲ್ಲಿಸುವ ಡೊಂಪೆರಿಡೋನ್, ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್ ಅದನ್ನು ಬಹಳವಾಗಿ ಏರಿಸುತ್ತವೆ. ಔಷಧದ ಪಟ್ಟಿಯನ್ನು ಕೇಳದೆ ಮೆದುಳಿನ ಎಂಆರ್‌ಐಗೆ ಕಳಿಸಿದ ಪ್ರಸಂಗಗಳನ್ನು ಕಂಡಿದ್ದೇನೆ. ಗಂಡಸರ ಟೆಸ್ಟೊಸ್ಟಿರೋನ್ ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ. ಕೆಲಸ ಮುಗಿಸಿ ಬಂದು ಸಂಜೆ 6ಕ್ಕೆ ರಕ್ತ ಕೊಟ್ಟು, ಕಡಿಮೆ ಬಂತೆಂದು ಚುಚ್ಚುಮದ್ದಿನ ದಾರಿ ಹಿಡಿಯುವುದು ಅವಿವೇಕ. ಖಾಲಿ ಹೊಟ್ಟೆಯಲ್ಲಿ, ಬೆಳಗಿನ ಹೊತ್ತು, ಬೇರೆ ಬೇರೆ ದಿನ ಎರಡು ಸಲ ಕಡಿಮೆ ಬಂದರೆ ಮಾತ್ರ ಅದಕ್ಕೆ ಬೆಲೆ. ಹೊರಗಿನಿಂದ ಟೆಸ್ಟೊಸ್ಟಿರೋನ್ ಕೊಟ್ಟರೆ ವೀರ್ಯಾಣುಗಳ ಉತ್ಪಾದನೆ ಕುಗ್ಗುತ್ತದೆ ಎಂಬುದನ್ನು ಮಕ್ಕಳಾಗಬೇಕೆಂದು ಬಯಸುವವರಿಗೆ ಯಾರಾದರೂ ಮೊದಲೇ ಹೇಳಬೇಕು.

ಕಾರ್ಟಿಸಾಲ್ ಇವೆಲ್ಲಕ್ಕಿಂತ ಹೊತ್ತಿಗೆ ಕಟ್ಟುಬಿದ್ದ ಹಾರ್ಮೋನ್. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿ ಅದನ್ನು ಬೆಳಿಗ್ಗೆ ಎದ್ದ ಹೊತ್ತಿಗೆ ಅತಿ ಹೆಚ್ಚು, ನಡುರಾತ್ರಿಯಲ್ಲಿ ಅತಿ ಕಡಿಮೆ ಸ್ರವಿಸುತ್ತದೆ. ಕೊರತೆಯನ್ನು ಹುಡುಕುವವರು ಬೆಳಿಗ್ಗೆ 8ರ ಸುಮಾರಿಗೆ ರಕ್ತ ತೆಗೆಯಬೇಕು; ಹೆಚ್ಚಳವನ್ನು ಹುಡುಕುವವರಿಗೆ ನಡುರಾತ್ರಿಯ ಜೊಲ್ಲು, 24 ಗಂಟೆಯ ಮೂತ್ರ, ಅಥವಾ ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ನುಂಗಿ ಮರುದಿನ ಬೆಳಿಗ್ಗೆ ಮಾಡುವ ಪರೀಕ್ಷೆ ಬೇಕು. ಮಧ್ಯಾಹ್ನ 3ಕ್ಕೆ ತೆಗೆದ ಒಂದು ಕಾರ್ಟಿಸಾಲ್ ಯಾವ ಪ್ರಶ್ನೆಗೂ ಉತ್ತರವಾಗುವುದಿಲ್ಲ. ಅಂಥ ಅಂಕಿಯನ್ನು ಹಿಡಿದು ಅಡ್ರಿನಲ್ ಫಟೀಗ್ ಎಂಬ ಕಾಯಿಲೆ ಹೇಳಿ ಪೂರಕ ಮಾತ್ರೆ ಮಾರುವವರಿದ್ದಾರೆ. ನಿರ್ನಾಳ ಗ್ರಂಥಿ ತಜ್ಞರ ಸಂಘಟನೆಗಳು ಒಪ್ಪದ, ಪುರಾವೆಯಿಲ್ಲದ ಹೆಸರು ಅದು. 1855ರಲ್ಲಿ ಥಾಮಸ್ ಅಡಿಸನ್ ವಿವರಿಸಿದ ನಿಜವಾದ ಅಡ್ರಿನಲ್ ಕೊರತೆಯಲ್ಲಿ ತೂಕ ಇಳಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಉಪ್ಪಿಗಾಗಿ ಬಾಯಿ ಹಾತೊರೆಯುತ್ತದೆ, ಅಂಗೈ ಗೆರೆ ಮತ್ತು ಒಸಡು ಕಪ್ಪಾಗುತ್ತವೆ, ರಕ್ತದಲ್ಲಿ ಸೋಡಿಯಂ ಇಳಿದು ಪೊಟ್ಯಾಸಿಯಂ ಏರುತ್ತದೆ. ಅದು ಪ್ರಾಣಕ್ಕೆ ಕುತ್ತು ತರುವ ರೋಗ.

ಹೊತ್ತುಗೊತ್ತು ನೋಡದೆ ಓಡಬೇಕಾದ ಸಂದರ್ಭಗಳೂ ಇವೆ ಎಂಬುದನ್ನು ಹೇಳದಿದ್ದರೆ ನನ್ನ ವಾದ ಅಪಾಯಕಾರಿಯಾದೀತು. ವಿಪರೀತ ನೀರು ಕುಡಿಯುತ್ತ, ರಾತ್ರಿ ಹಾಸಿಗೆ ಒದ್ದೆ ಮಾಡಲು ಹೊಸದಾಗಿ ತೊಡಗಿ, ಬಡಕಲಾಗುತ್ತಿರುವ ಮಗುವಿಗೆ ಹೊಟ್ಟೆನೋವು, ವಾಂತಿ, ಏದುಸಿರು ಶುರುವಾದರೆ ನಾಳೆ ಬೆಳಗಿನ ಖಾಲಿ ಹೊಟ್ಟೆಗೆ ಕಾಯಬಾರದು. ಒಂದನೇ ವಿಧದ ಮಧುಮೇಹದಲ್ಲಿ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ಥೈರಾಯ್ಡ್ ಅತಿಯಾದವರಿಗೆ ಕೊಡುವ ಕಾರ್ಬಿಮಜೋಲ್ ಸೇವಿಸುತ್ತಿರುವವರಿಗೆ ಜ್ವರದೊಡನೆ ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ಬಿಳಿ ರಕ್ತಕಣಗಳ ಎಣಿಕೆ ಮಾಡಿಸಬೇಕು. ಬಹುಕಾಲ ಸ್ಟಿರಾಯ್ಡ್ ಸೇವಿಸಿದವರ ಸ್ವಂತ ಅಡ್ರಿನಲ್ ಗ್ರಂಥಿ ಮಲಗಿಬಿಟ್ಟಿರುತ್ತದೆ. ಅವರು ಮಾತ್ರೆಯನ್ನು ಥಟ್ಟನೆ ನಿಲ್ಲಿಸಬಾರದು, ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಚುಚ್ಚುಮದ್ದಿಗಾಗಿ ಆಸ್ಪತ್ರೆಗೆ ಹೋಗಬೇಕು. ಹುಟ್ಟಿದ ಮಗುವಿನ ಹಿಮ್ಮಡಿಯ ರಕ್ತದಿಂದ ಮಾಡುವ ಥೈರಾಯ್ಡ್ ಪರೀಕ್ಷೆಯಲ್ಲಂತೂ ಹೊತ್ತೂ ಬೇಕು, ಅವಸರವೂ ಬೇಕು. ಹುಟ್ಟಿದ ಮೊದಲ ಗಂಟೆಗಳಲ್ಲಿ ಟಿಎಸ್ಎಚ್ ಸಹಜವಾಗಿಯೇ ಏರುವುದರಿಂದ 48ರಿಂದ 72 ಗಂಟೆಯ ನಡುವೆ ರಕ್ತ ತೆಗೆಯುವುದು ಉತ್ತಮ. ಕೊರತೆ ಕಂಡರೆ ಮೊದಲ ಎರಡು ವಾರದೊಳಗೆ ಚಿಕಿತ್ಸೆ ಆರಂಭವಾಗಬೇಕು, ತಡವಾದರೆ ಬುದ್ಧಿ ಬೆಳವಣಿಗೆಗೆ ಆಗುವ ನಷ್ಟವನ್ನು ಆಮೇಲೆ ತುಂಬಲಾಗದು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಹಾರ್ಮೋನ್ ಅಥವಾ ಸಕ್ಕರೆಯ ಯಾವುದೇ ಅಂಕಿಯನ್ನು ಅಚ್ಚು ಹಾಕುವಾಗ ಅದರ ಮಗ್ಗುಲಲ್ಲೇ ರಕ್ತ ಕೊಡಬೇಕಾದ ಹೊತ್ತು, ಉಪವಾಸ ಬೇಕೋ ಬೇಡವೋ ಎಂಬುದು, ಬಸಿರು ಮತ್ತು ವಯಸ್ಸಿಗೆ ತಕ್ಕ ಬೇರೆ ಮಿತಿ, ಮೊದಲೇ ತಿಳಿಸಬೇಕಾದ ಔಷಧಗಳು ಇವನ್ನೂ ಅಚ್ಚು ಹಾಕಿಸಿ; ನಾಲ್ಕು ಸಾಲು ಹೆಚ್ಚಾಗಬಹುದು, ಅಷ್ಟೆ. ಲೇಖಕರು ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ. ಇನ್ನು ಆರೋಗ್ಯ ಪುಟದ ಎದುರು ಪುಟದಲ್ಲಿ, ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕಿತ್ತುಹಾಕುವ ಪುಡಿ, ಎಲ್ಲ ಹಾರ್ಮೋನುಗಳನ್ನೂ ಸಮತೋಲನಕ್ಕೆ ತರುವ ಮಾತ್ರೆ ಎಂಬ ಜಾಹೀರಾತುಗಳು ಬರುತ್ತವೆ. ಇಂಥ ಹೆಸರಿಲ್ಲದ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಸಕ್ಕರೆ ಇಳಿಸುವ ಔಷಧಗಳನ್ನೂ ಸ್ಟಿರಾಯ್ಡನ್ನೂ ಗುಟ್ಟಾಗಿ ಬೆರೆಸಿದ್ದನ್ನು ವಿವಿಧ ದೇಶಗಳ ಔಷಧ ನಿಯಂತ್ರಣ ಸಂಸ್ಥೆಗಳು ಪತ್ತೆ ಹಚ್ಚಿವೆ. ಅದನ್ನು ತಿಂದವರ ರಿಪೋರ್ಟಿನ ಅಂಕಿಗೆ ಯಾವ ತಂತ್ರಜ್ಞರೂ ಅರ್ಥ ಹೇಳಲಾರರು, ವೈದ್ಯರಿಗೂ ಅದು ಒಗಟೇ. ಒಳಗೆ ಏನಿದೆ, ಎಷ್ಟಿದೆ ಎಂಬುದನ್ನು ಲಿಖಿತವಾಗಿ ಕೊಡದ ಜಾಹೀರಾತನ್ನು ಸ್ವೀಕರಿಸುವುದಿಲ್ಲ ಎಂದು ತಮ್ಮ ಪತ್ರಿಕೆ ನಿರ್ಧರಿಸಿ, ಆ ನಿರ್ಧಾರವನ್ನು ಓದುಗರಿಗೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ